‘ಶರಣ ಕೃಪಾ’ದಲ್ಲಿ ಉಚಿತ ಮೀನು

ಸವಣೂರಿನ ನಮ್ಮ ಓಣಿಯಲ್ಲಿ ಇನ್ನು ಮುಂದೆ ಒಂದೇ ಒಂದು ಸೊಳ್ಳೆ ಹುಟ್ಟಕೂಡದು! ಹೀಗೆಂದು ನಾನು ಸಂಕಲ್ಪ ಮಾಡಿದೆ. ಮಾಡಿದ್ದು ದೇವರ ಮುಂದೆ ಅಲ್ಲ, ಪುರಸಭೆಯಿಂದ ಬಂದಿದ್ದ ಆರೋಗ್ಯ ವಿಭಾಗದ ಮೇಡಂ ಮುಂದೆ. ದೇವರಾದರೆ ಮರೆತದ್ದನ್ನು ಕ್ಷಮಿಸುತ್ತಾನೆ. ಮೇಡಂ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡಿದ್ದರು!

ಸಮುದಾಯ ಭವನದಲ್ಲಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಅವರು ಹೇಳಿದ್ದಿಷ್ಟು. ನಳದ ನೀರು ದಿನಾ ಬರುವುದಿಲ್ಲ, ಎಲ್ಲರೂ ತುಂಬಿಟ್ಟುಕೊಳ್ಳುತ್ತೀರಿ. ತುಂಬಿಟ್ಟ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಹೊಗೆ ಹಾಕಿದರೆ, ಔಷಧಿ ಹೊಡೆದರೆ ಜೇನು, ಚಿಟ್ಟೆಗಳೂ ಸಾಯುತ್ತವೆ. ಅದರ ಬದಲು ನೀರಿನಲ್ಲಿ ಗಪ್ಪಿ ಮೀನು ಬಿಡಿ, ಅವು ಸೊಳ್ಳೆಮರಿಗಳನ್ನು ತಿಂದು ಮುಗಿಸುತ್ತವೆ. ಓಣಿಗೊಂದು ಮನೆಯವರು ಮೀನು ಸಾಕಿ ಉಳಿದವರಿಗೆ ಹಂಚಬೇಕು. ಯಾರು ಸಾಕುತ್ತೀರಿ?

ಅಷ್ಟರಲ್ಲಿ ಅರ್ಧ ಹೆಂಗಸರು ಚಪ್ಪಲಿ ಹುಡುಕುತ್ತಿದ್ದರು. ನನಗೋ ಪುರಾಣ, ಪ್ರವಚನ ಕೇಳಿ ಕೇಳಿ ಕೊನೆಯವರೆಗೂ ತಲೆಯಾಡಿಸುತ್ತ ಕೂಡುವ ಚಟ.

“ನೋಡ್ರಿ, ಈ ಅಕ್ಕಾರ ಒಬ್ರ ಮನಸಿಟ್ಟ ಕೇಳಾಕತ್ತಾರ!” ಅಂದರು ಮೇಡಂ.

ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ನನ್ನ ಕಾಲು ತಾನಾಗಿ ಎದ್ದು ನಿಂತಿತು, ಬಾಯಿ ತಾನಾಗಿ ಸಂಕಲ್ಪ ಮಾಡಿತು. ಕೈಗೊಂದು ಮುಚ್ಚಳದ ಕ್ಯಾನು ಬಂತು. ಅದರೊಳಗೆ ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಮೀನುಗಳು ಪಿಳಿಪಿಳಿ ಓಡಾಡುತ್ತಿದ್ದವು.

ಮನೆಯ ಬಾಗಿಲಿಗೆ ಬಂದಾಗ ನನಗೆ ಜ್ಞಾನೋದಯವಾಯಿತು. ನಮ್ಮದು ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕದ ಮನೆ. ಹೆಸರು ‘ಶರಣ ಕೃಪಾ’. ಪಂಚಾಂಗದ ಮೀನ ರಾಶಿಯನ್ನು ಬಿಟ್ಟರೆ ಈ ಮನೆಯಲ್ಲಿ ಮೀನಿನ ಮಾತೇ ಬಂದದ್ದಿಲ್ಲ!

“ಏನ ತಂದೀ ನೀಲಾ, ಹಾಲೇನ?” ಎಂದು ಅತ್ತೆ ದಾನವ್ವ ಕ್ಯಾನಿನೊಳಗೆ ಇಣುಕಿದರು. “ಶಿವಶಿವಾ! ಮೀನ!”

“ತಿನ್ನಾಕ ಅಲ್ರೀ ಅತ್ತೀ, ಸಾಕಾಕ. ಸೊಳ್ಳಿಮರಿ ತಿಂತಾವ್ರಿ.”

“ಅಂದ್ರ ಅವೂ ಮಾಂಸ ತಿನ್ನೂವ! ಮಾಂಸ ತಿನ್ನೂ ಮಾಂಸಾನ ಮನಿಗೆ ತಂದಿ ಅಲ್ಲಾ!”

ನಮ್ಮ ಯಜಮಾನರು ನಾಗಪ್ಪನವರು ಪೇಪರಿನ ಹಿಂದಿನಿಂದಲೇ ಪರಿಹಾರ ಸೂಚಿಸಿದರು. “ಅಜ್ಜಾರ ಬರಾಕತ್ತಾರಲ್ಲ, ಅವರ ಕಡೆ ದೀಕ್ಷಾ ಕೊಡಿಸಿಬಿಡು. ಕಾಯಿಪಲ್ಯೆ ತಿನ್ನಾಕ ಹತ್ತತಾವು.”

ಅತ್ತೆಯ ಸಂಕಟ ಇದ್ದದ್ದೇ ಅಲ್ಲಿ. ನಮ್ಮ ಮಠದ ಸ್ವಾಮಿಗಳು, ಅಂದರೆ ಅಜ್ಜಾರು, ಶ್ರಾವಣದಲ್ಲಿ ನಮ್ಮ ಮನೆಗೆ ಪಾದಪೂಜೆಗೆ ಬರುವುದೆಂದು ನಿಶ್ಚಯವಾಗಿತ್ತು. ಹಿಂದೊಮ್ಮೆ ಬರುವವರಿದ್ದಾಗ ಮಳೆಗೆ ದಾರಿ ಕಡಿದು ತಪ್ಪಿಹೋಗಿತ್ತು. ಅತ್ತೆಗೆ ಮೊಣಕಾಲು ನೋವು, ಮಠದ ಮೆಟ್ಟಿಲು ಹತ್ತಲಾರರು. ಅಜ್ಜಾರು ಒಮ್ಮೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರೆ ಸಾಕು, ಅವರಿಗೆ ಬೇರೆ ಆಸೆಯೇ ಇಲ್ಲ. ಅಜ್ಜಾರಿಗೆ ಹೊದಿಸಲೆಂದು ತಂದ ಶಾಲನ್ನು ದಿನಕ್ಕೊಮ್ಮೆ ಟ್ರಂಕಿನಿಂದ ತೆಗೆದು, ಸವರಿ, ಮತ್ತೆ ಮಡಚಿಡುತ್ತಿದ್ದರು.

ಕೊನೆಗೆ ಒಪ್ಪಂದವಾಯಿತು. ಮೀನು ಹಿತ್ತಲಿನ ಸಿಮೆಂಟಿನ ನೀರು ಟಾಕಿಯಲ್ಲಿ ಮಾತ್ರ ಇರತಕ್ಕದ್ದು. ಪೂಜೆಯ ನೀರು, ಕುಡಿಯುವ ನೀರು ಒಳಗಿನ ತಾಮ್ರದ ಕೊಡದಲ್ಲಿ. ಅತ್ತೆಯ ಕಣ್ಣಿಗೆ ಮೀನು ಬೀಳಕೂಡದು.

ಇನ್ನು ಸಾಕುವ ವಿದ್ಯೆ. ಮೀನಿನ ವಿಷಯ ಬಲ್ಲವರು ಯಾರು? ಪಕ್ಕದ ಮನೆಯ ಕುಲಸುಮಬಿ! ಕಂಪೌಂಡಿನ ಮೇಲಿಂದ ಕೂಗಿ ಕೇಳಿದೆ.

“ಕುಲಸುಮಬಿ, ಮೀನಿಗೆ ಏನೇನ ಹಾಕಬೇಕ?”

“ಅರಿಷಿಣ, ಖಾರಪುಡಿ, ಉಪ್ಪು, ಒಂದಿಷ್ಟ ಹುಣಸಿಹುಳಿ.”

“ಅಯ್ಯ! ಜೀವಂತ ಮೀನಿಗವ್ವಾ!”

“ಯಾ ಅಲ್ಲಾ! ಜೀವಂತ ಇದ್ದಾಗ ಅದರ ಮಾರಿ ಯಾರ ನೋಡ್ಯಾರ ನೀಲಕ್ಕಾ!”

ಯಾರ ವಿದ್ಯೆಯೂ ಬೇಕಾಗಲಿಲ್ಲ. ನಮ್ಮ ಟಾಕಿ ಆ ಮೀನುಗಳಿಗೆ ಬಹಳ ಹಿಡಿಸಿತು. ಸೊಳ್ಳೆಮರಿಗಳನ್ನು ಉಂಡವು, ಮೈ ತುಂಬಿಕೊಂಡವು, ಸಂಸಾರ ಹೂಡಿದವು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು! ಬಕೆಟ್ ಅದ್ದಿದರೆ ಮೀನು, ಸೀರೆ ಹಿಂಡಿದರೆ ನೆರಿಗೆಯಲ್ಲಿ ಮೀನು. ಒಂದು ಬೆಳಿಗ್ಗೆ ಬಚ್ಚಲಿನಿಂದ ಯಜಮಾನರ ಆರ್ತನಾದ ಕೇಳಿಸಿತು.

“ಏ ನೀಲಾ! ತಂಬಿಗ್ಯಾಗ ಕುಂತ ಯಾವುದೋ ನನ್ನ ನೋಡಾಕತ್ತೈತಿ!”

ಸೊಳ್ಳೆಗಳೇನೋ ನಮ್ಮ ಹಿತ್ತಲಿನಲ್ಲಿ ನಿರ್ವಂಶವಾದವು. ಆದರೆ ಹಂಚುವುದು ಯಾರಿಗೆ? ನಾನು ತಂಬಿಗೆ ಹಿಡಿದು ಮನೆಮನೆ ತಿರುಗಿದೆ. ನಮ್ಮವರು, “ಬ್ಯಾಡವ್ವಾ, ದೇವರ ಜಗಲಿ ಇರೂ ಮನಿ” ಎಂದು ಬಾಗಿಲು ಮುಂದೆ ಮಾಡಿದರು. ತಿನ್ನುವವರು ತಂಬಿಗೆಯೊಳಗೆ ನೋಡಿ, “ಇಷ್ಟೇನ್ರಿ? ಒಗ್ಗರಣಿಗೂ ಸಾಲೂದಿಲ್ಲಲ್ರಿ” ಎಂದು ನಕ್ಕರು. ಅತ್ತ ಮೇಡಂ ಫೋನಿನ ಮೇಲೆ ಫೋನು. “ಅಕ್ಕಾರ, ಎಷ್ಟ ಮನಿಗೆ ಮುಟ್ಟಿದವ್ರಿ?”

ಮುಟ್ಟಿದ್ದು ಕುಲಸುಮಬಿಯ ಮನೆಗೊಂದೇ. ಅದೂ ಕಂಪೌಂಡಿಗೆ ತಾಗಿ ಇದ್ದದ್ದರಿಂದ.

ಆಗ ನನಗೆ ಆ ಬುದ್ಧಿ ಬಂತು. ಜನಕ್ಕೆ ಹೇಳಿದರೆ ತಿಳಿಯುವುದಿಲ್ಲ, ಬರೆದರೆ ತಿಳಿಯುತ್ತದೆ. ಬೋರ್ಡು ಹಾಕಬೇಕು!

ಬೋರ್ಡು ಬರೆಯುವುದರಲ್ಲಿ ನಮ್ಮೂರ ಪೇಂಟರ್ ಅಲ್ತಾಫನದು ಎತ್ತಿದ ಕೈ. ಊರಿನ ಖಾನಾವಳಿ, ಮಟನ್ ಅಂಗಡಿಗಳ ಹಲಗೆಗಳೆಲ್ಲ ಅವನವೇ. “ದೂರದಿಂದ ಕಾಣಬೇಕಪಾ” ಅಂತ ಒಂದೇ ಮಾತು ಹೇಳಿ ನಾನು ಒಲೆಯ ಮುಂದೆ ಕೂತೆ. ಸಂಜೆ ಹೊರಗೆ ಬಂದು ನೋಡುತ್ತೇನೆ, ‘ಶರಣ ಕೃಪಾ’ ಎಂಬ ಹೆಸರಿನ ಕೆಳಗೆ ಎಮ್ಮೆಯ ಕರುವಿನಷ್ಟು ದೊಡ್ಡ ಮೀನು ಬಾಯಿ ತೆರೆದು ಮಲಗಿದೆ! ಅದರ ಮೇಲೆ, ‘ಇಲ್ಲಿ ಮೀನು ಉಚಿತವಾಗಿ ಸಿಗುತ್ತವೆ’. ಮೂಲೆಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ, ‘ಸೊಳ್ಳೆ ನಿರ್ಮೂಲನೆಗಾಗಿ’. ಮೀನಿನ ಪಕ್ಕದಲ್ಲಿ ಹೆಚ್ಚಿಟ್ಟ ಲಿಂಬೆಹಣ್ಣು, ದುಂಡಗೆ ಕೊಯ್ದ ಉಳ್ಳಾಗಡ್ಡಿ!

“ಅಲ್ತಾಫ! ಲಿಂಬಿಹಣ್ಣ ಯಾಕಪಾ?”

“ಮೀನ ಬರದ ಮ್ಯಾಲೆ ಕೈ ತಾನ ಲಿಂಬಿಹಣ್ಣಿಗೆ ಹೋಗ್ತೈತ್ರೀ ಅಕ್ಕಾರ. ಈಗ ಬಣ್ಣ ಹಸಿ ಐತಿ, ನಾಳೆ ಬಂದ ಅಳಸ್ತೇನಿ ಬಿಡ್ರಿ.”

ಬಿಟ್ಟೆ. ನಿಜ ಹೇಳಬೇಕೆಂದರೆ, ಹೋಗುವವರು ಬರುವವರೆಲ್ಲ ನಿಂತು ನಮ್ಮ ಮನೆಯನ್ನೇ ನೋಡುವುದು ಕಂಡು ಒಳಗೊಳಗೇ ಖುಷಿಯೂ ಆಗಿತ್ತು.

ಮರುದಿನ ಬೆಳಗಾಗುವುದರೊಳಗೆ ಬಾಗಿಲಲ್ಲಿ ಕೈಚೀಲಗಳ ಸಾಲು! ಹತ್ತಿಮತ್ತೂರಿನಿಂದ ಮೋಟರ್ ಸೈಕಲ್ ಮೇಲೆ ಒಬ್ಬರು ಬಂದಿದ್ದರು.

“ಅಕ್ಕಾರ, ಫುಕಟ್ ಅಂತಲ್ರಿ. ನೀವ ಸ್ವಚ್ಛ ಮಾಡಿ ಕೊಡ್ತೀರೋ, ನಾವ ಮಾಡ್ಕೋಬೇಕೋ?”

ಅವರನ್ನು ಟಾಕಿಯ ಹತ್ತಿರ ಕರೆದೊಯ್ದು ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದರು.

“ಇವು ದೊಡ್ಡವಾಗೂದು ಯಾವಾಗ್ರಿ?”

“ಇವ ದೊಡ್ಡವ್ರಿ.”

ನನ್ನನ್ನು ನೋಡಿ “ಪಾಪ” ಅಂದರು. ಚೀಲ ಮಡಚಿಕೊಂಡು ಹೋದರು.

ಜನ ಬರುತ್ತ ಹೋಗುತ್ತ ಇದ್ದರು, ಬೆಕ್ಕುಗಳು ಮಾತ್ರ ಹೋಗಲಿಲ್ಲ. ಊರಿನ ಬೆಕ್ಕುಗಳೆಲ್ಲ ನಮ್ಮ ಕಂಪೌಂಡಿನ ಮೇಲೆ ಸಭೆ ಸೇರಿದ್ದವು. ಸರಿಯಾಗಿ ಅದೇ ಹೊತ್ತಿಗೆ, ಪಾದಪೂಜೆಯ ಸಿದ್ಧತೆ ನೋಡಿಕೊಂಡು ಹೋಗಲು ಮಠದ ಹಿರಿಯ ಸೇವಕರು ಸ್ಕೂಟರಿನ ಮೇಲೆ ಬಂದರು. ‘ಶರಣ ಕೃಪಾ’ ಓದಿದರು. ಮೀನು ನೋಡಿದರು. ಲಿಂಬೆಹಣ್ಣು ನೋಡಿದರು. ಚೀಲ ಹಿಡಿದ ಗಿರಾಕಿಗಳನ್ನೂ ಬೆಕ್ಕುಗಳನ್ನೂ ನೋಡಿದರು. “ಬರ್ರಿ, ಬರ್ರಿ!” ಎಂದು ನಾನು ಓಡಿ ಬರುವಷ್ಟರಲ್ಲಿ, ಇಳಿಯದೆಯೇ ಸ್ಕೂಟರ್ ತಿರುಗಿಸಿಬಿಟ್ಟರು!

ಮಧ್ಯಾಹ್ನ ಯಜಮಾನರಿಗೆ ಆ ಸೇವಕರ ಫೋನು ಬಂತು.

“ನಾಗಪ್ಪನವರ, ಹೊಸಾ ವ್ಯಾಪಾರ ಹಿಡದೀರಂತ. ಛಲೋ ಆತು. ಅಜ್ಜಾರು ಈ ಸಲ ಯಲವಿಗಿಯಿಂದ ನೆಟ್ಟಗ ಮುಂದ ಹೋಗ್ತಾರ್ರಿ.” ಅವರ ಉತ್ತರಕ್ಕೂ ಕಾಯದೆ ಫೋನ್ ಇಟ್ಟರು.

ಅತ್ತೆ ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಆ ಶಾಲನ್ನು ತೆಗೆದು, ಈ ಸಲ ಸವರದೆಯೇ ಟ್ರಂಕಿನ ತಳಕ್ಕೆ ಇಟ್ಟು, ಮೇಲೆ ಹಳೆಯ ಕೌದಿಗಳನ್ನೆಲ್ಲ ಹೇರಿದರು. “ನಮ್ಮ ಪುಣ್ಯ ಇಷ್ಟ ಇರಬೇಕ ತಗೋ” ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಏನ್ರಿ, ಅಜ್ಜಾರು ಇವತ್ತ ಯಲವಿಗ್ಯಾಗ ಅದಾರಲ್ಲ, ನಾ ಹೋಗಿ ಬರ್ತೇನಿ” ಅಂದೆ.

“ಹೋಗಿ ಏನ ಹೇಳ್ತೀ?”

“ಹೇಳೂದಿಲ್ಲ. ತೋರಸ್ತೇನಿ.”

ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ತಿಕ್ಕಿ ತೊಳೆದು, ನೀರು ತುಂಬಿ, ಮೀನು ಬಿಟ್ಟುಕೊಂಡು ಬಸ್ ಹತ್ತಿದೆ. ಭರಣಿ ಮಡಿಲಲ್ಲಿ, ಪ್ರಾಣ ಬಾಯಲ್ಲಿ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ “ಶಿವಾ, ಮೀನು ಚೆಲ್ಲದಿರಲಿ” ಎಂದು ಬೇಡಿಕೊಂಡೆ. ಶಿವನಿಗೂ ಇಂಥ ಬೇಡಿಕೆ ಹೊಸದಾಗಿರಬೇಕು.

ಯಲವಿಗಿಯಲ್ಲಿ ಅಜ್ಜಾರು ಒಬ್ಬ ಭಕ್ತರ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ಬಾಗಿಲಲ್ಲೇ ಆ ಸೇವಕರು!

“ಏನ್ರೀ ಇದು! ಇಲ್ಲಿಗೂ ಮಾರಾಕ ಬಂದ್ರ್ಯಾ?”

“ಯಾರಪಾ ಅದು?” ಎಂದು ಒಳಗಿನಿಂದ ಅಜ್ಜಾರ ದನಿ ಬಂತು.

ಭರಣಿಯನ್ನು ಅವರ ಮುಂದಿಟ್ಟು ನಮಸ್ಕಾರ ಮಾಡಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಹಿಂದುಮುಂದಾಗಿ ಹೊರಬಿತ್ತು.

“ಅಜ್ಜಾರ, ನಾ ಮೀನ ಮಾರಾಂಗಿಲ್ರಿ. ಇವು ಸೊಳ್ಳಿ… ನಮ್ಮ ಅತ್ತಿಗೆ ಮೊಣಕಾಲ ನೋವ್ರಿ…”

ಅಜ್ಜಾರು ಭರಣಿ ಎತ್ತಿ ಬೆಳಕಿಗೆ ಹಿಡಿದರು. “ಸಮಾಧಾನ ಮಾಡ್ಕೋ ತಂಗಿ. ಸೊಳ್ಳಿಗೂ ಇವಕ್ಕೂ ಏನ ಸಂಬಂಧ? ನಿಧಾನಕ್ಕ ಹೇಳು.”

ಹೇಳಿದೆ. ಮೇಡಂ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದೆ. ನಳದ ನೀರು, ಜೇನು, ಚಿಟ್ಟೆ, ಹೋದ ವರ್ಷ ಓಣಿಯ ಮಕ್ಕಳು ಜ್ವರ ಬಂದು ಸಾಲಾಗಿ ಮಲಗಿದ್ದು. ಬೋರ್ಡಿನ ಕಥೆಯನ್ನೂ ಹೇಳಿದೆ. ಅಜ್ಜಾರು ಮಧ್ಯೆ ಬಾಯಿ ಹಾಕದೆ ಕೇಳಿದರು.

“ಓಣ್ಯಾಗ ಯಾರೂ ಒಯ್ಯಲಿಲ್ಲೇನ ಹಂಗಾರ?”

“ಪಕ್ಕದ ಮನಿಯೊಂದ ಬಿಟ್ರ ಇಲ್ರಿ. ಎಲ್ಲಾರೂ ಹೌದ ಹೌದ ಅಂತಾರ್ರಿ. ಯಾರೂ ಮಾಡಾಂಗಿಲ್ರಿ.”

“ನನ್ನ ಪ್ರವಚನದ ಗತೀನೂ ಅದ ಐತಿ ತಂಗಿ!” ಎಂದು ಅಜ್ಜಾರು ಹೊಟ್ಟೆ ಹಿಡಿದು ನಕ್ಕರು. “ನಾಳೆ ಬರ್ತೇನಿ, ನಿಮ್ಮ ಅತ್ತಿಗೆ ಹೇಳು. ಹಲಗಿ ಅಷ್ಟ ತಗೀರಿ. ಲಿಂಬಿಹಣ್ಣ ನೋಡಿ ನಮ್ಮಾಂವಾ ಅಂಜ್ಯಾನ.”

ನನ್ನ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು! ಅವತ್ತು ಸಂಜೆ ಅತ್ತೆ ಕೌದಿಗಳನ್ನೆಲ್ಲ ಕಿತ್ತೆಸೆದು ಶಾಲು ತೆಗೆದ ಭರಾಟೆ ನೋಡಿದವರು, ಈ ಮುದುಕಿಗೆ ಮೊಣಕಾಲು ನೋವಿದೆ ಎಂದರೆ ನಂಬುತ್ತಿರಲಿಲ್ಲ.

ಮರುದಿನ ಅಜ್ಜಾರು ಹೊಸ್ತಿಲು ದಾಟಿ ಒಳಗೆ ಬಂದರು. ಪಾದಪೂಜೆ ಆಯಿತು. ಶಾಲು ಹೊದಿಸಿ ಅತ್ತೆ ಅದನ್ನು ಕೊನೆಯ ಸಲ ಸವರಿದ್ದು ಕಂಡು ನಾನು ಅಡುಗೆಮನೆಗೆ ಓಡಿಹೋಗಿ ಕಣ್ಣು ಒರೆಸಿಕೊಂಡೆ. ಪ್ರಸಾದವೂ ಆಯಿತು. ಅಂಗಳದಲ್ಲಿ ಓಣಿಗೆ ಓಣಿಯೇ ದರ್ಶನಕ್ಕೆ ಕಿಕ್ಕಿರಿದಿತ್ತು. ಅಜ್ಜಾರು ಹಿತ್ತಲಿಗೆ ಹೋಗಿ, ಟಾಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು.

“ಎಲ್ಲಾರೂ ಮನಿಗೆ ಹೋಗಿ ಒಂದೊಂದ ತಂಬಿಗಿ ತರ್ರಿ. ಇವತ್ತಿನ ಆಶೀರ್ವಾದ ನೀರಾಗ ಐತಿ.”

ದೇವರ ಜಗಲಿ ಇರುವ ಮನೆ ಎಂದಿದ್ದವರೇ ಎಲ್ಲರಿಗಿಂತ ಮುಂದೆ ಓಡಿದರು! ಅಜ್ಜಾರು ಸೌಟಿನಿಂದ ನೀರು ಸಮೇತ ಮೀನು ಎತ್ತಿ ಎತ್ತಿ ಹಾಕಿದರು. ಜನ ತಂಬಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಒಯ್ದರು. ಕುಲಸುಮಬಿ ತನ್ನ ತವರಿನವರಿಗೂ ಇರಲೆಂದು ಕೊಡವನ್ನೇ ತಂದಿದ್ದಳು. ನಾನು ತಿಂಗಳುಗಟ್ಟಲೆ ತಿರುಗಿ ಮಾಡಲಾಗದ್ದು ಒಂದು ಸೌಟಿನಿಂದ ಆಗುತ್ತಿತ್ತು. ಇನ್ನು ಅತ್ತೆ? ಮೀನು ಕಣ್ಣಿಗೆ ಬೀಳಕೂಡದು ಎಂದಿದ್ದ ನನ್ನ ಅತ್ತೆ ಅಜ್ಜಾರ ಪಕ್ಕದಲ್ಲಿ ನಿಂತು ಸಂತೆಯ ದನಿಯಲ್ಲಿ ಕೂಗುತ್ತಿದ್ದರು.

“ಬರ್ರವ್ವಾ ಬರ್ರಿ! ಎರಡ ಸಾಕೇನ? ಇನ್ನೆರಡ ಒಯ್ಯಿ, ಜೋಡಿ ಇರಲಿ!”

ಬೆಳಗಿನಿಂದ ಉಪವಾಸವಿದ್ದು ಎಲ್ಲರಿಗೂ ಬಡಿಸಿ ಮುಗಿಸಿ, ನಾನು ಕಡೆಯವಳಾಗಿ ಹಿತ್ತಲಿಗೆ ಬಂದೆ. ಕೈಯಲ್ಲಿ ತಂಬಿಗೆ ಇರಲಿಲ್ಲ. ಅಜ್ಜಾರಿಗೆ ನಮಸ್ಕಾರ ಮಾಡಿ ಎದ್ದೆ.

“ತಗೋ ತಂಗಿ, ಇದು ನಿನ್ನ ಪಾಲು” ಎಂದು ಅವರು ಸೌಟು ಮುಂದೆ ಚಾಚಿದರು.

ಹುಟ್ಟಿದಾಗಿನಿಂದ ಬಂದ ರೂಢಿ ನೋಡಿ. ಕೈ ಬೊಗಸೆಯಾಯಿತು, ಕಣ್ಣು ಮುಚ್ಚಿತು. “ಶಿವಾ” ಎಂದು ಭಕ್ತಿಯಿಂದ ತೀರ್ಥವನ್ನು ಬಾಯಿಗೆ ಸುರಿದುಕೊಂಡೆ.

ತೀರ್ಥ ನಾಲಿಗೆಯ ಮೇಲೆ ಕುಣಿಯತೊಡಗಿತು!

ಆಮೇಲೆ ನಾನು ಟಾಕಿಯತ್ತ ಓಡಿದ್ದೊಂದೇ ಗೊತ್ತು. ಪುಚುಕ್ ಎಂದು ಉಗಿದೆ. ಅಜ್ಜಾರ ಸೌಟು ಗಾಳಿಯಲ್ಲೇ ನಿಂತಿತ್ತು.

ಕಂಪೌಂಡಿನ ಆಚೆಯಿಂದ ಕುಲಸುಮಬಿಯ ದನಿ ಬಂತು. “ಯಾ ಅಲ್ಲಾ! ನಾವರ ಹುರದ ತಿಂತೇವಿ ನೀಲಕ್ಕಾ! ನೀವು ಹಸೀದಕ್ಕ ಕೈ ಹಾಕಿದ್ರಲ್ರಿ!”

ನಗೆಯ ಕೋಡಿ ಹರಿಯಿತು. ಎಲ್ಲರಿಗಿಂತ ಮೊದಲು ನಕ್ಕವರು ಅಜ್ಜಾರೇ. ನಗದೆ ಉಳಿದವರು ಅತ್ತೆ ಒಬ್ಬರೇ. ಅವರು ಮೊಣಕಾಲು ನೋವು ಮರೆತು, ಎದೆ ಹಿಡಿದುಕೊಂಡು ನನ್ನತ್ತ ಓಡೋಡಿ ಬಂದರು. ಎಷ್ಟಾದರೂ ಸೊಸೆ, ಕರುಳು ಚುರ್ ಎಂದಿರಬೇಕೆಂದು ನಾನು ಅವರ ತೆಕ್ಕೆಗೆ ಬೀಳಲು ಕೈ ಚಾಚಿದೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಟಾಕಿಯೊಳಗೆ ಬಗ್ಗಿ, ಬಹಳ ಹೊತ್ತು ನೋಡಿ, ನೆಮ್ಮದಿಯ ಉಸಿರು ಬಿಟ್ಟರು.

“ಶಿವಾ, ಪಾರ ಮಾಡಿದಿ! ಪಾಪ, ಅದಕ್ಕೇನೂ ಆಗಿಲ್ಲ.”