ಮೂರು ‘ಬುಡು’ಗಳಿಂದ ಪಾವಗಡ ಸೇರಿದ ಸೊಸೆಯ ಬಗ್ಗೆ

ಇಂದ:
ಚನ್ನಮಲ್ಲಮ್ಮ,
ನಿವೃತ್ತ ದ್ವಿತೀಯ ದರ್ಜೆ ಸಹಾಯಕಿ,
ಮಧುಗಿರಿ.

ಗೆ:
ಕೆಟ್ಟು ನಿಂತ ವಾಹನವನ್ನು ಇನ್ನೊಂದು ವಾಹನಕ್ಕೆ ಹಗ್ಗ ಕಟ್ಟಿ ಎಳೆಯುವ ವಿಷಯ ನಿರ್ವಹಿಸುವ ಅಧಿಕಾರಿಗಳು.
(ಯಾವ ಕಚೇರಿ, ಯಾವ ಟೇಬಲ್ಲು ಎಂಬುದು ಅರ್ಜಿದಾರಳಿಗೆ ಗೊತ್ತಿಲ್ಲ. ಎಲ್ಲಿದ್ದರೆ ಅಲ್ಲಿಗೇ ತಲುಪತಕ್ಕದ್ದು.)

ವಿಷಯ: ಎಳೆಯುವ ವಾಹನಕ್ಕೂ ಎಳೆಸಿಕೊಳ್ಳುವ ವಾಹನಕ್ಕೂ ನಡುವಿನ ಅಂತರ ಮಿತಿ ಮೀರಿರುವುದನ್ನು ಸರಿಪಡಿಸಿಕೊಡುವ ಕುರಿತು.

ಉಲ್ಲೇಖ:
1) ಸದರಿ ಅಂತರ ಐದು ಮೀಟರು ಮೀರಬಾರದೆಂಬ ನಿಯಮ.
2) ಅರ್ಜಿದಾರಳ ಮಗ ಮಿಡಿಗೇಶಿ ಬಸ್‌ಸ್ಟ್ಯಾಂಡಿನಲ್ಲಿ ಹೊರಡಿಸಿದ ಮೌಖಿಕ ಆದೇಶ.
3) ಸೊಸೆಯ ದೂರವಾಣಿ ಕರೆ.

ಮಾನ್ಯರೇ,

ಸೇವೆಯಲ್ಲಿದ್ದಷ್ಟು ಕಾಲ ಊರವರ ಅರ್ಜಿಗಳಿಗೆಲ್ಲ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ ಅರ್ಜಿದಾರಳು ಸ್ವಂತಕ್ಕೆಂದು ಅರ್ಜಿ ಹಾಕುತ್ತಿರುವುದು ಇದೇ ಮೊದಲು. ಆದಕಾರಣ ಇದನ್ನು ಪೇಪರ್‌ವೇಟಿನ ಕೆಳಗೆ ಇಡದೆ ಪೂರ್ತಿ ಓದಬೇಕೆಂದು ಮೊದಲೇ ಹೇಳಿಬಿಡುತ್ತಾಳೆ.

1. ಅರ್ಜಿದಾರಳೂ ಆಕೆಯ ಮಗ ಪರಮೇಶನೂ ಐ.ಡಿ.ಹಳ್ಳಿಯ ಓಬಳಮ್ಮನವರ ಮೊಮ್ಮಗುವಿನ ನಾಮಕರಣ ಮುಗಿಸಿ ಮಧುಗಿರಿಗೆ ಬರುತ್ತಿದ್ದಾಗ, ಮಿಡಿಗೇಶಿ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಕಾರಿನಲ್ಲಿ ವೈರು ಸುಟ್ಟ ವಾಸನೆ ಬಂತು. ಗಾಡಿ ನಿಂತಿತು. ಹಾರನ್ನೂ ಸತ್ತಿತು. ಪರಮೇಶ ಹೆಂಡತಿಗೆ ಫೋನು ಮಾಡಿದ. ಕೊರಟಗೆರೆಯ ಕಾಲೇಜಿನಲ್ಲಿ ಪಾಠ ಹೇಳುವ ಸೊಸೆ ಪ್ರಿಯಾಂಕ, ಕ್ಲಾಸು ಮುಗಿಸಿ, ಮನೆಗೂ ಹೋಗದೆ, ತನ್ನ ಕಾರಿನಲ್ಲಿ ನೇರ ಅಲ್ಲಿಗೇ ಬಂದಳು. ಹಗ್ಗವನ್ನೂ ಅವಳೇ ತಂದಿದ್ದಳು.

2. ಹಗ್ಗ ಕಟ್ಟುವ ವಿಚಾರ. ಎಳೆಯಲೆಂದೇ ಒಂದು ಕೊಂಡಿ ಇರುತ್ತದೆ, ಡಿಕ್ಕಿಯಲ್ಲಿ ಜಾಕಿನ ಪಕ್ಕ ನೋಡಿ ಎಂದು ಸೊಸೆ ಹೇಳಿದಳು. ಪರಮೇಶ ನನಗೆ ಗೊತ್ತಿಲ್ಲವಾ ಎಂದು ಹಗ್ಗವನ್ನು ಬಂಪರಿಗೇ ಬಿಗಿದ. ಆಮೇಲೆ ಅಪ್ಪಣೆ ಕೊಡಿಸಿದ:

“ನಾನು ಬುಡು ಅಂದ್ರೆ ಬುಡು.”

“ಬುಡು ಅಂದ್ರೆ ಏನ್ಮಾಡ್ಬೇಕು ಅಂತ ಒಂದ್ಸಲ ಹೇಳಿ,” ಎಂದಳು ಪ್ರಿಯಾಂಕ.

“ಕನ್ನಡ ಬರಲ್ವಾ ನಿಂಗೆ?”

ಸೊಸೆಯ ತವರು ಪಾವಗಡ, ಆ ಕಡೆ ಮಾತಿಗೆ ತೆಲುಗು ಬೆರೆಯುತ್ತದೆ ಎಂಬ ಹಳೆಯ ಚುಚ್ಚು ಅದು. ಸೊಸೆ ಮತ್ತೆ ಕೇಳಲಿಲ್ಲ. ಈ ಕಡತದ ಗಂಟೆಲ್ಲ ಇಲ್ಲೇ ಇದೆ, ಮಾನ್ಯರು ಗಮನಿಸಬೇಕು.

3. ಪರಮೇಶ ಹಿಂದಿನ ಕಾರಿನ ಸ್ಟೀರಿಂಗಿಗೆ ಕೂತ. ಅರ್ಜಿದಾರಳು ಹೋಳಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವನ ಹಿಂದೆ ಕೂತಳು. ಸೊಸೆಯ ಪಕ್ಕ ಕೂತಿದ್ದರೆ ಈ ಅರ್ಜಿಯೇ ಬೇಕಿರಲಿಲ್ಲ, ಬುದ್ಧಿ ಓಡಲಿಲ್ಲ. ಪರಮೇಶ ಕಿಟಕಿಯಿಂದ ತಲೆ ಹೊರಗೆ ಹಾಕಿ “ಬುಡು” ಎಂದು ಕೂಗಿದ. ಗಾಡಿ ಬುಡು, ಅಂದರೆ ಹೊರಡು. ಪ್ರಿಯಾಂಕ ಮೆತ್ತಗೆ ಹೊರಟಳು. ಹೋಳಿಗೆ ಅಲುಗಲಿಲ್ಲ.

4. ಮಿಡಿಗೇಶಿಯ ಹಂಪು ಬಂತು. ಅವಳು ನಿಧಾನ ಮಾಡಿದಳು. ಇಂಜಿನ್ನು ಆರಿದ ಕಾರಿನ ಬ್ರೇಕು ಕಲ್ಲಿನ ಹಾಗಿರುತ್ತದೆ, ಎಷ್ಟು ಒತ್ತಿದರೂ ಹಿಡಿಯಲೊಲ್ಲದು. ಹಿಂದಿನ ಕಾರು ಮುಂದಿನದರ ಮೈಮೇಲೇ ಹೋಗತೊಡಗಿತು, ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಪರಮೇಶ ಗಾಬರಿಯಾಗಿ “ಬುಡು! ಬುಡು!” ಎಂದ. ಸಾಕು ಬುಡು, ನಿಲ್ಲಿಸು ಎಂದು ಅವನ ಅರ್ಥ. ಮುಂದಿನ ಕಾರಿನಲ್ಲಿದ್ದವಳಿಗೆ ಅದೇ ಮೊದಲಿನ ‘ಬುಡು’. ಅವಳು ಜೋರಾಗಿ ಬುಟ್ಟಳು. ಹಗ್ಗ ಫಟ್ಟನೆ ಬಿಗಿಯಿತು, ಬಂಪರು ಕಿತ್ತುಕೊಂಡಿತು. ಅರ್ಜಿದಾರಳೂ ಮಗನೂ ಹಂಪಿನ ಈಚೆಗೆ ಉಳಿದರು. ಪ್ರಿಯಾಂಕ ಬಂಪರೊಂದನ್ನೇ ಎಳೆದುಕೊಂಡು ಗಡಗಡ ಸದ್ದಿನೊಂದಿಗೆ ಬಸ್‌ಸ್ಟ್ಯಾಂಡು ತಲುಪಿದಳು.

5. ಬಸ್‌ಸ್ಟ್ಯಾಂಡಿನವರು ನಕ್ಕರು. ನಗುವ ದೃಶ್ಯವೇ, ಯಾರನ್ನೂ ದೂರುವ ಹಾಗಿಲ್ಲ. ಪರಮೇಶನಿಗೆ ನಗು ಬರಲಿಲ್ಲ. ದುಮುದುಮು ನಡೆದುಕೊಂಡು ಹೋಗಿ, ಅಷ್ಟೂ ಜನರ ಎದುರಿಗೆ ಅಂದುಬಿಟ್ಟ:

“ನಿನ್ ಕೈಲಾಗಲ್ಲ. ಬುಟ್ಬುಡು.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹಿಂದೆಯೇ ಏದುಸಿರು ಬಿಡುತ್ತ ಬಂದ ಅರ್ಜಿದಾರಳು ಸೊಸೆಯ ಮುಖ ನೋಡಿದಳು. ಅಳುವೂ ಇಲ್ಲ, ಸಿಟ್ಟೂ ಇಲ್ಲ. “ಆಯ್ತು, ಬುಟ್ಟೆ,” ಎಂದಳು. ಹಗ್ಗ ಬಿಚ್ಚಿದಳು, ಸುತ್ತಿ ಅತ್ತೆಯ ಕೈಗೆ ಕೊಟ್ಟಳು, ಕಾರು ತಿರುಗಿಸಿ ಪಾವಗಡದ ತವರು ಸೇರಿದಳು.

6. ಮೇಲ್ಕಂಡಂತೆ ಪ್ರಿಯಾಂಕ ಮೂರು ಸಲವೂ ಆದೇಶ ಪಾಲಿಸಿದ್ದಾಳೆ. ಆಕೆಯ ಕಡೆಯಿಂದ ಯಾವ ಲೋಪವೂ ಕಂಡುಬಂದಿಲ್ಲ.

7. ಅಂದಿನಿಂದ ಅರ್ಜಿದಾರಳು ಹೋಗಿ ಕರ್ಕೊಂಡು ಬಾರೋ ಎಂದಾಗಲೆಲ್ಲ ಮಗ “ಬುಡಮ್ಮ” ಎನ್ನುತ್ತಾನೆ. ಇದು ಸದರಿ ಪದದ ನಾಲ್ಕನೆಯ ಅರ್ಥ. ಉಲ್ಲೇಖ (3)ರ ಕರೆಯಲ್ಲಿ ಪ್ರಿಯಾಂಕ ಹೇಳಿದ್ದು ಹೀಗೆ: “ಅತ್ತೆ, ನಂಗೆ ಕ್ಷಮೆಗಿಮೆ ಏನೂ ಬ್ಯಾಡ. ಅವರ ಬಾಯಲ್ಲಿ ಬುಡು ಅನ್ನೋದು ಬುಟ್ಟು ಒಂದ್ಸಲ ‘ಬಾ’ ಅಂತ ಬರ್ಲಿ.” ಒಂದೇ ಅಕ್ಷರ. ಅದು ಮಗನ ಗಂಟಲಲ್ಲಿ ಸಿಕ್ಕಿಕೊಂಡಿದೆ.

8. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರದೂ ಒಂದೇ ಕಾಲದಲ್ಲಿ ನಡೆಯುತ್ತಿತ್ತು. ಈಗ ಮನೆ ಬಿಕೋ ಎನ್ನುತ್ತದೆ. ಸಂಜೆ ಕಾಫಿಗೆ ಎರಡು ಲೋಟ ಇಟ್ಟು, ಒಂದನ್ನು ಮತ್ತೆ ಒಳಗಿಡುವುದು ಅರ್ಜಿದಾರಳಿಗೆ ಬಹಳ ಸಂಕಟದ ಕೆಲಸವಾಗಿದೆ. ಅವಳಿಗೆ ಸೊಸೆ ಬೇಕು. ಇದಕ್ಕಿಂತ ಸರ್ಕಾರಿ ಭಾಷೆಯಲ್ಲಿ ಹೇಳಲು ಬರುವುದಿಲ್ಲ.

9. ಕಾರನ್ನು ಶಿರಾದ ಶಫೀವುಲ್ಲಾ ರಿಪೇರಿ ಮಾಡಿಕೊಟ್ಟಿದ್ದಾರೆ, ಬಂಪರು ಮಾತ್ರ ಬಾಕಿ. “ಗಾಡಿ ಠೀಕ್ ಅದೆ ಅಮ್ಮಾ, ಓಡಿಸೋರೇ ಡಲ್ಲು,” ಎಂದು ಅವರ ವರದಿ.

10. ಎಳೆಸಿಕೊಳ್ಳುವ ವಾಹನಕ್ಕೆ ‘ಎಳೆಯಲಾಗುತ್ತಿದೆ’ ಎಂಬ ಫಲಕ ಕಡ್ಡಾಯವಂತೆ. ಆದ್ದರಿಂದ ಮೊನ್ನೆ ಅರ್ಜಿದಾರಳು ಮಗನ ಮುಂದೆ ರಟ್ಟು, ಬಣ್ಣ, ಕುಂಚ ಇಟ್ಟು, ಇನ್ನೊಂದು ಸಲ ಕೆಟ್ಟು ನಿಂತರೆ ಬೇಕಾಗುತ್ತದೆ, ಬರೆದಿಡು ಎಂದು ಹೇಳಿ ಹೂವು ತರಲು ಹೋದಳು. ಬಂದು ನೋಡಿದರೆ ಫಲಕ ಆಗಲೇ ಕಾರಿಗೆ, ಬಂಪರು ಇದ್ದ ಜಾಗಕ್ಕೆ ಕಟ್ಟಿತ್ತು. ಅದರಲ್ಲಿ ಒಂದೇ ಅಕ್ಷರವಿತ್ತು. ಪರಮೇಶ ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

ಆದ್ದರಿಂದ ಮಾನ್ಯರು ದಯವಿಟ್ಟು,

ಅ) ಪರಮೇಶನನ್ನು ಕೆಟ್ಟು ನಿಂತ ವಾಹನವೆಂದು ಪರಿಗಣಿಸಿ, ಮಧುಗಿರಿಗೂ ಪಾವಗಡಕ್ಕೂ ಇರುವ ಅಂತರವನ್ನು ಉಲ್ಲೇಖ (1)ರಂತೆ ಐದು ಮೀಟರಿಗೆ ಇಳಿಸಲು;

ಆ) ಇನ್ನು ಮುಂದೆ ಹಗ್ಗದ ಎರಡೂ ತುದಿಯಲ್ಲಿ ಯಾರೂ ‘ಬುಡು’ ಎಂಬ ಪದ ಬಳಸಕೂಡದೆಂದು ಆದೇಶಿಸಲು;

ಕೋರಿದೆ. ಆದೇಶಕ್ಕೆ ಮೊದಲೇ ಸೊಸೆ ಬಂದುಬಿಟ್ಟರೆ ಕಡತ ಮುಕ್ತಾಯಗೊಳಿಸಬಹುದು, ಅರ್ಜಿದಾರಳ ತಕರಾರಿಲ್ಲ.

ತಮ್ಮ ವಿಶ್ವಾಸಿ
(ಮಗನ ವಿಷಯದಲ್ಲಿ ಅಷ್ಟಿಲ್ಲ),
ಚನ್ನಮಲ್ಲಮ್ಮ

ಲಗತ್ತು:
1) ಬಂಪರಿಲ್ಲದ ಕಾರಿನ ಫೋಟೋ, ‘ಬಾ’ ಎಂಬ ಫಲಕ ಕಾಣುವಂತೆ.
2) ಹಗ್ಗ ಲಗತ್ತಿಸಿಲ್ಲ. ಮನೆಯಲ್ಲಿ ಬೇಕಾಗುತ್ತದೆ.

ಪ್ರತಿ: ಶ್ರೀಮತಿ ಪ್ರಿಯಾಂಕ, ಪಾವಗಡ, ಇವರಿಗೆ ಲಗತ್ತು (1)ರೊಂದಿಗೆ, ಮಾಹಿತಿಗಾಗಿ ಹಾಗೂ ಅಗತ್ಯ ಕ್ರಮಕ್ಕಾಗಿ. ಕಾಫಿಪುಡಿ ತಂದಿಟ್ಟಿದೆ. ಬರುವಾಗ ಗಾಡಿ ನಿಧಾನಕ್ಕೆ ಬುಡು ಕಣಮ್ಮ.