ಭರಮವ್ವನ ಮನೆಯ ಅನಧಿಕೃತ ಕಾವು

ಬೆಳಗಾವಿ ಜಿಲ್ಲೆಯಲ್ಲಿ ಈ ವರ್ಷ ಕಡು ಚಳಿ ಬೀಳತಕ್ಕದ್ದು ಎಂದು ಶಿವಬಸವ ನಗರದ ಚಳಿ ಸನ್ನದ್ಧತಾ ಕಚೇರಿಯಲ್ಲಿ ಸರ್ವಾನುಮತದಿಂದ ನಿರ್ಣಯವಾಯಿತು. ಹೋದ ವರ್ಷದ ಚಳಿ ಯಾವ ಪೂರ್ವಾನುಮತಿಯೂ ಇಲ್ಲದೆ ಬಂದು, ಕಚೇರಿ ಕಣ್ಣು ಬಿಡುವುದರೊಳಗೆ ಹೋಗಿಬಿಟ್ಟಿತ್ತು. ಮಂಜೂರಾದ ಹಣ ಇದ್ದಂಗೇ ವಾಪಸು ಹೋಯಿತು. ಆ ದುಃಖದಲ್ಲಿ ಕಚೇರಿಯ ಮುಖ್ಯಸ್ಥ ಓಂಕಾರ ಸಾಹೇಬರು ಒಂದು ವಾರ ಊಟ ಬಿಟ್ಟಿದ್ದರಂತೆ, ಬರೀ ತಿಂಡಿಯ ಮೇಲಿದ್ದರಂತೆ.

ಈ ಸಲ ಹಾಗಾಗಬಾರದೆಂದು ದೀಪಾವಳಿ ಮುಗಿಯುತ್ತಲೇ ಖಾನಾಪುರದ ಹಳ್ಳಿ ಹಳ್ಳಿಗೆ ರಿಕ್ಷಾಕ್ಕೆ ಮೈಕಿನ ಕರ್ಣೆ ಕಟ್ಟಿ, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಸಾರಿಸಿದರು:

"ಸಮಸ್ತ ನಾಗರಿಕರ ಗಮನಕ್ಕೆ. ಪ್ರತಿಯೊಂದು ಮನೆಯೂ ಚಳಿಗೆ ಸನ್ನದ್ಧವಾಗಿರತಕ್ಕದ್ದು. ಮನೆಯೊಳಗಿನ ಚಳಿಯನ್ನು ಇಲಾಖೆ ಒದಗಿಸುವ ಯಂತ್ರದಿಂದಲೇ ಹೊರಹಾಕತಕ್ಕದ್ದು. ಯಂತ್ರ ತಲುಪುವ ಮೊದಲೇ ಯಾರಾದರೂ ಬೆಚ್ಚಗಿರುವುದು ಕಂಡುಬಂದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

ಯಂತ್ರಗಳು ಪೀರನವಾಡಿಯ ಒಂದು ಗೋದಾಮಿನಿಂದ ಬರತಕ್ಕದ್ದೆಂದು ಗೊತ್ತಾಗಿತ್ತು. ಗೋದಾಮು ಸಾಹೇಬರ ಹೆಂಡತಿಯ ತಮ್ಮನದು. ಇದರಲ್ಲಿ ಬಾಯಿ ಮೇಲೆ ಸೆರಗು ಹಾಕಿಕೊಳ್ಳುವಂಥದ್ದೇನೂ ಇಲ್ಲ. ಹೆಂಡತಿಗೆ ತಮ್ಮ ಇರುವುದು ಅಪರಾಧವಲ್ಲ, ತಮ್ಮನಿಗೆ ಗೋದಾಮು ಇರುವುದೂ ಅಲ್ಲ. ಬೇಸಿಗೆಯಲ್ಲಿ ಮಾರಾಟವಾಗದೆ ಉಳಿದ ಕೂಲರುಗಳು ಅಲ್ಲಿ ಬಿದ್ದಿದ್ದವು. ಅವಕ್ಕೆ ಕೆಂಪು ಬಣ್ಣ ಹೊಡೆಸಿದ ಮೇಲೆ ನೋಡಿದವರಿಗೇ ಬೆವರು ಬರುವ ಹಾಗಾಗಿತ್ತು.

ಇದೆಲ್ಲ ಆಗುವಾಗ ಖಾನಾಪುರದಾಚೆಯ ಗದ್ದೆ ಸಾಲಿನ ಊರಿನಲ್ಲಿ ಭರಮವ್ವ ತನ್ನ ಪಾಡಿಗೆ ತಾನು ಚಳಿಗೆ ಮನೆ ಸಜ್ಜು ಮಾಡಿ ಮುಗಿಸಿದ್ದಳು. ಕಿಟಕಿಯ ಸಂದಿಗೆಲ್ಲ ಹಳೇ ಸೀರೆಯ ಚಿಂದಿ ತುರುಕಿದ್ದಳು. ಗೋಡೆಯ ಬಿರುಕಿಗೆ ಮಣ್ಣು ಸಗಣಿ ಕಲಸಿ ಮೆತ್ತಿದ್ದಳು. ಹಾಸಿಗೆಯ ಕೆಳಗೆ ಹೊಸ ಭತ್ತದ ಹುಲ್ಲು, ಮೇಲೆ ಕೌದಿ. ಆದರೆ ಮನೆಯ ಅಸಲಿ ಕಾವು ಗಂಗಿಯದು. ಗಂಗಿ ಎಂದರೆ ಎಮ್ಮೆ. ತಲೆಬಾಗಿಲು ದಾಟಿದರೆ ಬಲಕ್ಕೆ ತಗ್ಗಿನಲ್ಲಿ ಗಂಗಿ, ಎಡಕ್ಕೆ ಪಡಸಾಲೆ, ನಡುವೆ ಮೊಣಕಾಲೆತ್ತರದ ಮಣ್ಣಿನ ಕಟ್ಟೆ. ಭರಮವ್ವ ಆ ಕಟ್ಟೆಗೆ ಬೆನ್ನು ಹಚ್ಚಿ ಮಲಗಿದರೆ ಬೆಳಿಗ್ಗೆ ಏಳುತ್ತಿದ್ದಳು, ಇಲ್ಲದಿದ್ದರೆ ನಡ ಹಿಡಿದು ಅಲ್ಲೇ ಕಟ್ಟಿಗೆಯಾಗುತ್ತಿದ್ದಳು. ಮಗ ಕಲ್ಮೇಶ ಬಾಜೂಕೆ ಸ್ಲ್ಯಾಬಿನ ಹೊಸ ಖೋಲಿ ಕಟ್ಟಿಸಿ, ಗುಲಾಬಿ ಬಣ್ಣ ಹೊಡೆಸಿ, ಊರಿಗೆಲ್ಲ ತೋರಿಸಿದ್ದ. ಚಳಿ ಬಿದ್ದ ಮೇಲೆ ಗಂಡ-ಹೆಂಡತಿ ಇಬ್ಬರೂ ಹಾಸಿಗೆ ಸುತ್ತಿಕೊಂಡು ಎಮ್ಮೆಯ ಕಡೆಗೇ ಬರುತ್ತಿದ್ದರು. ಎದುರು ಮನೆಯ ಜೈತುನಬೀಯಂತೂ ಸಂಜೆಯಾದರೆ ಅವರೆಕಾಯಿ ಬುಟ್ಟಿ ಹಿಡಿದು ಬಂದು ಕಟ್ಟೆಗೆ ಬೆನ್ನು ಕೊಟ್ಟು ಕೂತುಬಿಡುವಳು. ಅಲ್ಲಿ ಸುಲಿದದ್ದು ಅವರೆಕಾಯಿ ಕಡಿಮೆ, ಊರವರ ಮಾನ ಹೆಚ್ಚು.

ಹೀಗಿರುವಾಗ ಸಮೀಕ್ಷೆಯ ಬಾಳೇಶ ಬಂದ. ಅವನ ಕೈಯಲ್ಲಿ ಕೊರೋನಾ ಕಾಲದಲ್ಲಿ ಜನರ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲು ಇತ್ತು. ಅದನ್ನೇ ಗೋಡೆಗಳ ಹಣೆಗೆ ಹಿಡಿಯುತ್ತ ಬಂದಿದ್ದ. ಊರಿನ ಎಲ್ಲ ಮನೆಯೂ ನಿಯಮದ ಪ್ರಕಾರ ತಣ್ಣಗಿತ್ತು. ಭರಮವ್ವನ ಗೋಡೆಗೆ ಹಿಡಿದವನು ಪಿಸ್ತೂಲನ್ನು ಕೊಡವಿ ಮತ್ತೊಮ್ಮೆ ಹಿಡಿದ.

"ಅಜ್ಜಿ, ನಿಮ್ಮ ಮನಿ ಬೆಚ್ಚಗೈತಿ."

"ಹೌದೋ ತಮ್ಮಾ. ಕುಂದರ್ ಬಾ, ಚಾ ಕುಡದ ಹೋಗು."

"ಚಾ ಇರ್ಲಿ. ನಿಮಗಿನ್ನೂ ಯಂತ್ರ ಬಂದಿಲ್ಲ. ಮತ್ತ ಈ ಕಾವು ಎಲ್ಲಿಂದ ಬಂತು?"

ಸರ್ಕಾರದವರು ಏನು ಕೇಳಿದರೂ ಇಲ್ಲ ಅನ್ನಬೇಕೆಂಬುದು ಕೂಸಿಗೂ ಗೊತ್ತು. ಆದರೆ ಗಂಗಿಯ ಮಾತು ಬಂದರೆ ಭರಮವ್ವನ ಬಾಯಿಗೆ ಅಗಳಿ ನಿಲ್ಲುವುದಿಲ್ಲ.

"ಅಕಿಂದ," ಎಂದು ತೋರಿಸಿದಳು. "ಅಕಿ ಇದ್ರ ಮನ್ಯಾಗ ಒಲಿ ಹಚ್ಚೂದ ಬ್ಯಾಡ. ಮೈ ಮುಟ್ಟಿ ನೋಡು. ಒದೆಯಂಗಿಲ್ಲ."

ಬಾಳೇಶ ಗಂಗಿಯ ಹೊಟ್ಟೆಗೆ ಪಿಸ್ತೂಲು ಹಿಡಿದ. ಗಂಗಿ ಮೆಲುಕು ಹಾಕುತ್ತ ಅವನನ್ನು ನೋಡಿತು. ಅವನು ಫೋನಿನಲ್ಲಿ ಬಹಳ ಹೊತ್ತು ಸಾಹೇಬರ ಜೊತೆ ಮಾತಾಡಿ ಬಂದು, ಮುಖ ಸಣ್ಣ ಮಾಡಿಕೊಂಡು ಹೇಳಿದ: "ಇದು ಅನಧಿಕೃತ ಕಾವು ಆಗತೈತಿ ಅಜ್ಜಿ. ಒಂದ ಮನಿಗೆ ಒಂದ ಉಪಕರಣ ಅಂತ ನಿಯಮ ಐತಿ. ನಿಮಗ ಯಂತ್ರ ಕೊಡ್ತೀವಿ. ಇದನ್ನ ಜಪ್ತಿ ಮಾಡಬೇಕಾಗ್ತೈತಿ."

"ನನಗ ನಿಮ್ಮ ಯಂತ್ರ ಬ್ಯಾಡೋ ಯಪ್ಪಾ."

"ಬ್ಯಾಡ ಅನ್ನಾಕ ಕಾಲಂ ಇಲ್ಲ."

ಮರುದಿನ ಟೆಂಪೋ ಬಂತು. ಕೆಂಪು ಯಂತ್ರ ಇಳಿಯಿತು, ಕರೀ ಗಂಗಿ ಏರಿತು. ಕಲ್ಮೇಶ ಹಗ್ಗ ಹಿಡಿದು ಜಗ್ಗಾಡಲಿಲ್ಲ. ಸರ್ಕಾರದವರ ಎದುರು ನಿಲ್ಲುವ ಗಂಡಸು ಆ ಮನೆಯಲ್ಲಿ ಹಿಂದೆಯೂ ಇರಲಿಲ್ಲ, ಅವನ ಅಪ್ಪನೂ ಹಂಗೇ. ಯಂತ್ರವನ್ನು ಕಿಟಕಿಯಲ್ಲಿ ಹೊರಗೆ ಬಾಯಿ ಮಾಡಿ ಕೂರಿಸಿದರು. ಯಾಕೆಂದು ಕೇಳಿದ್ದಕ್ಕೆ ಬಾಳೇಶ, "ಇದು ಚಳಿ ಊದತೈತಿ. ಬಾಯಿ ಒಳಗಿದ್ರ ಚಳಿ ಒಳಗ ಬರತೈತಿ. ಹೊರಗಿದ್ರ ಹೊರಗ ಹೋಗತೈತಿ. ತಿಳೀತಲ್ಲ?" ಎಂದ. ತಿಳಿಯದೇ ಇರುವಂಥದ್ದು ಅದರಲ್ಲೇನೂ ಇರಲಿಲ್ಲ.

ಹೊರಹೋದ ಚಳಿ ನೇರವಾಗಿ ಎದುರಿನ ಜೈತುನಬೀ ಮನೆಗೆ ಹೋಯಿತು.

"ಭರಮವ್ವಕ್ಕ, ನಿನ್ನ ಮನಿ ಚಳಿ ನನ್ನ ಮನ್ಯಾಗ ಬಂದ ಕುಂತೈತಿ," ಎಂದು ಆಕೆ ಚಾದರ ಹೊದ್ದು ಬಂದಳು.

"ನನ್ನ ಮನ್ಯಾಗಿಂದ ಎಲ್ಲಿ ಹೋಗೈತಿ? ಇಲ್ಲೇ ಐತಿ. ಬಾ, ನೋಡು."

ಇಬ್ಬರೂ ತಣ್ಣನೆಯ ಕಟ್ಟೆಗೆ ಬೆನ್ನು ಕೊಟ್ಟು ಕೂತು ನೋಡಿದರು. ಊರವರ ಸುದ್ದಿ ಕೂಡ ಬಾಯಿಗೆ ಬರಲಿಲ್ಲ. ಭರಮವ್ವನ ನಡ ಹಿಡಿಯಿತು. ಬೆಳಿಗ್ಗೆ ಅವಳನ್ನು ಎಬ್ಬಿಸಿ ಕೂರಿಸಲು ಸೊಸೆ ರೂಪಾಲಿ ಬರಬೇಕಾಯಿತು, ಮತ್ತು ಸೊಸೆಯಿಂದ ಎಬ್ಬಿಸಿಕೊಳ್ಳುವುದು ಎಂಥ ಬಾಳು ಎಂದು ಭರಮವ್ವ ಹೊರಳಿ ಗೋಡೆಗೆ ಕೇಳಿದಳು.

ಅತ್ತ ಶಿವಬಸವ ನಗರದಲ್ಲಿ ಜಪ್ತಿಯಾದ ಉಪಕರಣವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದು, ತಾತ್ಕಾಲಿಕವಾಗಿ ಕಚೇರಿಯ ನಡುಮನೆಯಲ್ಲಿ ಕಟ್ಟಿದರು. ಕಚೇರಿ ಉತ್ತರಕ್ಕೆ ಮುಖ ಮಾಡಿದ ಹಳೇ ಕಟ್ಟಡ, ಒಳಗೆ ಬಾವಿಯ ತಂಪು. ಮೊದಲ ದಿನ ಕಾರಕೂನಿ ಪ್ರಮಿಳಾ ಮೂಗು ಮುಚ್ಚಿಕೊಂಡಳು. ಮಾರನೇ ದಿನ ತನ್ನ ಟೇಬಲ್ಲನ್ನು ಒಂದು ಗೇಣು ಆ ಕಡೆ ಸರಿಸಿದಳು. ವಾರ ಹೋಗುವುದರೊಳಗೆ ಎಲ್ಲ ಟೇಬಲ್ಲುಗಳೂ ಗಂಗಿಯ ಸುತ್ತ ಬಂದು ನಿಂತವು. ಸಾಹೇಬರ ಕುರ್ಚಿ ಹಿರಿತನದ ಪ್ರಕಾರ ಹೊಟ್ಟೆಯ ಹತ್ತಿರ, ಜವಾನನದು ಬಾಲದ ಹತ್ತಿರ. ಹಾಜರಾತಿ ಎಂದೂ ಇಲ್ಲದಷ್ಟು ಏರಿತು. ರಜೆ ಹಾಕಿದವರೂ ಬಂದು ಕೂತರು. ಪ್ರಮಿಳಾ ಗಂಗಿಗೆಂದು ಮನೆಯಿಂದ ಎಲೆಕೋಸಿನ ಎಲೆ ತರತೊಡಗಿದಳು.

ತೊಂದರೆ ಒಂದೇ. ಗಂಗಿ ಕೆಚ್ಚಲು ತುಂಬಿಕೊಂಡು ಒಂದೇ ಸವನೆ ಅರಚುತ್ತಿತ್ತು. ಕಚೇರಿ ಹತ್ತಿರದ ಗೌಳಿಯನ್ನು ಕರೆಸಿ ನೋಡಿತು, ಅವನು ಒದೆಸಿಕೊಂಡು ಹೋದ. ಕಡೆಗೆ "ಉಪಕರಣವು ವಿಪರೀತ ಶಬ್ದ ಮಾಡುತ್ತಿದ್ದು, ಮೂಲ ನಿರ್ವಾಹಕರು ಕೂಡಲೇ ಹಾಜರಾಗತಕ್ಕದ್ದು" ಎಂದು ಭರಮವ್ವನಿಗೆ ಕರೆ ಹೋಯಿತು. ಕಲ್ಮೇಶ ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದ.

ಭರಮವ್ವ ಯಾರಿಗೂ ಶರಣು ಅನ್ನಲಿಲ್ಲ. ಸೀದಾ ಹೋಗಿ, ಟೇಬಲ್ಲುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಹಾಲು ಹಿಂಡಿದಳು. ಗಂಗಿಯ ಹೊಟ್ಟೆಗೆ ಬೆನ್ನು ಕೊಟ್ಟಳು. ನಡ ಸಡಿಲಾಯಿತು.

"ನಾ ಏಳಂಗಿಲ್ಲ," ಎಂದಳು. "ಕೊಟ್ರ ಅಕಿನ್ನ ಕೊಡ್ರಿ. ಇಲ್ಲಂದ್ರ ನನಗೂ ಇಲ್ಲೇ ಒಂದ ಕುರ್ಚಿ ಹಾಕ್ರಿ."

ಸಾಹೇಬರು ಅದೇ ಹಾಲಿನ ಚಹಾ ಕುಡಿಯುತ್ತ ವಿಚಾರ ಮಾಡಿದರು. "ಕೊಡಾಕ ಬರಂಗಿಲ್ಲಜ್ಜಿ. ಜಪ್ತಿ ಆದದ್ದು ಸರ್ಕಾರದ್ದು. ವಾಪಸ್ ಕೊಟ್ರ ಜಪ್ತಿ ಮಾಡಿದ್ದ ತಪ್ಪು ಅಂತ ಆಗತೈತಿ."

"ಮತ್ತ?"

"ನೀವು ಫಲಾನುಭವಿ ಆಗ್ರಿ. ಸರ್ಕಾರದಿಂದ ನಿಮಗ ಉಪಕರಣ ಮಂಜೂರ ಮಾಡ್ತೀನಿ. ಹೊಸಾದು."

"ಯಾವ ಹೊಸಾದು?"

"ಇದ."

ಭರಮವ್ವ ಬಾಯಿ ತೆರೆದಳು, ನಡ ನೆನಪಾಗಿ ಮುಚ್ಚಿದಳು. "ಆಗ್ಲಿ ಬಿಡ್ರಿ," ಎಂದಳು.

ಹಸ್ತಾಂತರ ಸಮಾರಂಭ ಖಾನಾಪುರದಲ್ಲಿ ಶಾಮಿಯಾನ ಹಾಕಿ ನಡೆಯಿತು. ಗಂಗಿಯ ಕೊಂಬಿಗೆ ರಿಬ್ಬನ್ನು ಕಟ್ಟಿ ಕತ್ತರಿಸಿದರು. "ಕಡುಬಡ ಮಹಿಳೆಯ ಮನೆಗೆ ಮೊಟ್ಟಮೊದಲ ಸಲ ಬೆಚ್ಚನೆಯ ಬೆಳಕು," ಎಂದು ಸಾಹೇಬರು ಭಾಷಣ ಮಾಡಿದರು. ನಿರ್ವಹಣೆಯ ಬಾಬತ್ತು ಬೆಳಗಿನ ಹಾಲು ಕಚೇರಿಗೆ ಸಲ್ಲತಕ್ಕದ್ದು ಎಂಬ ಷರತ್ತನ್ನು ಮೆಲ್ಲಗೆ ಓದಿದರು. ಭರಮವ್ವ ಕೈ ಮುಗಿದಳು. ಕಲ್ಮೇಶ ಕಣ್ಣೊರೆಸಿಕೊಂಡ. ಊರಿನವರು ಚಪ್ಪಾಳೆ ತಟ್ಟಿ, ಭರಮವ್ವನ ಪುಣ್ಯ ದೊಡ್ಡದು, ನಮಗ್ಯಾವಾಗ ಕೊಡ್ತೀರಿ ಅಂದರು. ಕೊಟ್ಟಿಗೆಯಲ್ಲಿ ಎಮ್ಮೆ ಇದ್ದವರೆಲ್ಲ ಮರುದಿನವೇ ಅವನ್ನು ಜಪ್ತಿ ಮಾಡಿಸಿಕೊಳ್ಳಲು ಸಾಲು ನಿಂತರು. ಸಾಹೇಬರ ಹೆಂಡತಿಯ ತಮ್ಮ ಕೂಲರು ಬಿಟ್ಟು ಹುಲ್ಲಿನ ವ್ಯಾಪಾರಕ್ಕೆ ಇಳಿದ.

ಭರಮವ್ವನ ಮನೆಯ ಮಣ್ಣಿನ ಕಟ್ಟೆಗೆ ಒಂದು ಫಲಕ ಬಂತು: "ಸರ್ಕಾರಿ ಕಾವು. ಫಲಾನುಭವಿಗಳ ಹೊರತು ಇತರರು ಒರಗಬಾರದು." ಕೆಂಪು ಯಂತ್ರವನ್ನು ವಾಪಸು ತೆಗೆದುಕೊಳ್ಳುವ ನಿಯಮ ಇರಲಿಲ್ಲವಾಗಿ ಅದು ಕಿಟಕಿಯಲ್ಲೇ ಊದುತ್ತ ಉಳಿಯಿತು.

ಸಂಜೆ ಜೈತುನಬೀ ಅವರೆಕಾಯಿ ಬುಟ್ಟಿ ಹಿಡಿದು, ಹಲ್ಲು ಕಟಕಟ ಅನ್ನಿಸುತ್ತ ಬಂದು ಎಂದಿನ ಜಾಗದಲ್ಲಿ ಬೆನ್ನು ಊರಲು ಹೋದಳು.

"ಜೈತುನಬೀ, ತಡಿ," ಎಂದಳು ಭರಮವ್ವ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಬೆರಳಿಟ್ಟು ಫಲಕ ತೋರಿಸಿದಳು. "ಮೊದಲಿನಂಗಲ್ಲ ಈಗ. ಅರ್ಜಿ ಹಾಕಬೇಕ."

ಜೈತುನಬೀಗೆ ಬೇಜಾರಾಗಲಿಲ್ಲ. ನಿಯಮ ಎಂದ ಮೇಲೆ ನಿಯಮ. ಸೆರಗಿನ ಗಂಟಿನಿಂದ ಮಡಿಸಿದ ಅರ್ಜಿಯ ರಸೀದಿ ತೆಗೆದಳು. "ಮುಂಜಾನೇನ ಹಾಕೀನಿ ಅಕ್ಕ. ಬೇಸಿಗಿ ಹೊತ್ತಿಗೆ ಮಂಜೂರ ಆಗತೈತಿ ಅಂದಾರ. ಅಲ್ಲೀ ಮಟ ಇಲ್ಲೇ ಬಾಜೂಕ ಕುಂದರ್ಲೇನ?"

ಭರಮವ್ವ ವಿಚಾರ ಮಾಡಿದಳು. ಬಾಗಿಲ ಕಡೆ ನೋಡಿದಳು, ಬಾಳೇಶ ಎಲ್ಲೂ ಕಾಣಲಿಲ್ಲ.

"ಕುಂದ್ರು," ಎಂದಳು. "ಆದ್ರ ಕಾವು ತಗೋಬ್ಯಾಡ."

"ಛೇ, ತಗೊಳ್ಳಂಗಿಲ್ಲಕ್ಕ. ಬರೇ ಕುಂದರ್ತೀನಿ," ಎಂದು ಜೈತುನಬೀ ಕಟ್ಟೆಯಿಂದ ಒಂದು ಗೇಣು ಬಿಟ್ಟು ಕೂತಳು, ಮತ್ತು ಕಾವು ತಾಗದ ಹಾಗೆ ಚಾದರವನ್ನು ಬಿಗಿಯಾಗಿ ಎಳೆದುಕೊಂಡು ಅವರೆಕಾಯಿ ಸುಲಿಯತೊಡಗಿದಳು.