ನೆಟ್ಟಗ ಏಳಬೇಕಾದ ಗೆರಿ

ಅಳತಿ ಮಾಡೋರ ಮನ್ಯಾಗ ನನ್ನಂಥಾಕಿ ಒಬ್ಬಾಕಿ ಇದ್ದಳಂದ್ರ ಇಂಥಾ ಫಜೀತಿ ಆಗಲಾರದ ಹೆಂಗ ಇರ್ತಾವ? ಒಂದನ್ನ ಮರೀಬೇಕನ್ನೂದ್ರಾಗ ಇನ್ನೊಂದು ಆಗಿರ್ತದ.

ಮೊದಲು ನಮ್ಮ ಮನಿ ಕೆಲಸ ಏನಂತ ಹೇಳಿಬಿಡ್ತೀನಿ. ಕುಂದಗೋಳದಾಗ ನಮ್ಮ ಪಡಸಾಲಿ ಬಾಜೂಕ ಒಂದು ಖೋಲಿ ಅದ. ಹಿಂದಕ ಅದರಾಗ ಒಣಮೆಣಸಿನಕಾಯಿ ಚೀಲ ಒಟ್ಟತಿದ್ವಿ. ಈಗ ಅಲ್ಲಿ ನನ್ನ ಸೊಸಿ ಕೂತು ಒಂದು ಡಬ್ಬಿ ತಯಾರ್ ಮಾಡ್ತಾಳ. ಗೋದಾಮಿನ ಮ್ಯಾಲಿನ ಜಂತಿಗೆ ಅದನ್ನ ಬಡದಿಟ್ರ, ಕೆಳಗ ಬೆಳಕು ಬಿಟ್ಟು, ಆ ಬೆಳಕು ತಿರಿಗಿ ಬರೂ ಹೊತ್ತು ನೋಡಿ, ಕಾಳಿನ ರಾಶಿ ಎಷ್ಟು ದೂರ ಅದ ಅಂತ ಹೇಳ್ತದ, ಅದರ ಮ್ಯಾಲಿಂದ ಕಾಳು ಎಷ್ಟು ಉಳದದ ಅಂತ ಗೊತ್ತಾಗತದ. ಬೆಳಕು ಹೊಂಟ ಗಳಿಗಿ ಖಚಿತ ಗೊತ್ತಾಗಬೇಕಂದ್ರ ಡಬ್ಬಿ ಒಳಗಿನ ಸಿಗ್ನಲ್ ಗ್ವಾಡಿ ಎದ್ದಂಗ ನೆಟ್ಟಗ ಏಳಬೇಕಂತ. ಗುಡ್ಡ ಏರಿದಂಗ ಸಾವಕಾಶ ಎದ್ದರ ದೂರದ ಲೆಕ್ಕ ತಪ್ಪತದ. ತಳದಿಂದ ತುದಿಗೆ ಏರಾಕ ಅದು ತಗೊಳ್ಳೂ ಹೊತ್ತಿಗೆ ರೈಸ್ ಟೈಮ್ ಅಂತಾರ. ಅದರ ಮುಂದ ನಾವು ಕಣ್ಣು ಪಿಳಕಿಸೂದು ಒಂದು ಯುಗ ಕಳದಂಗ ಅಂತ ಸೊಸಿ ಹೇಳ್ತಾಳ. ನಾ ಕಣ್ಣು ಪಿಳಕಿಸಿ ನೋಡಿದೆ, ನನಗೇನು ಯುಗ ಅನಸಲಿಲ್ಲ.

ಈ ಡಬ್ಬಿ ಸಲುವಾಗಿ ಆಕಿ ಕಾಲೇಜಿನಾಗ ಕಲಿಸೂ ನೌಕರಿ ಬಿಟ್ಟಾಳ. ಗೋದಾಮಿನ ಸಾಮಾನು ಮಾರೂ ಹುಬ್ಬಳ್ಳಿ ಸಾಹೇಬ್ರೊಬ್ರು, ಬಂದು ನೋಡ್ತೀನಿ, ಅಳತಿ ಸರಿ ಬಂದ್ರ ನಿಮ್ಮ ಕಡೇನ ತಗೋತೀನಿ, ಇಲ್ಲಾಂದ್ರ ಬ್ಯಾರೇದವ್ರು ಅದಾರ ಅಂದಿದ್ರು. ಅವರು ಒಲ್ಲೆ ಅಂದ್ರ ಖೋಲಿ ಖಾಲಿ ಮಾಡಿ ತಿರಿಗಿ ಕಾಲೇಜಿಗೆ ಹೋಗೂದು ಅಂತ ಆಕೀನೂ ನಿಕ್ಕಿ ಮಾಡಿದ್ದಳು. ಮನ್ಯಾಗಿನವರೆಲ್ಲಾ ಆಕಿಗೆ ಕೈಜೋಡಿಸಬೇಕು ಅಂತ ಆತು. ನಾನೂ ಕೈಜೋಡಿಸಿದೆ. ತ್ರಾಸ ಶುರು ಆಗಿದ್ದೇ ಅಲ್ಲಿಂದ.

ನಡುವಿಂದಷ್ಟ ಲೆಕ್ಕ

ಸೊಸಿ ಟೇಬಲ್ಲಿನ ಮ್ಯಾಗ ಸಣ್ಣ ಟಿ.ವಿ. ಹಂಗ ಒಂದು ಯಂತ್ರ ಅದ, ಅದಕ್ಕ ಸ್ಕೋಪ್ ಅಂತಾರ. ಸಿಗ್ನಲ್ ಅದರಾಗ ಹಳದಿ ಗೆರಿಯಾಗಿ ಕಾಣತದ. ಒಂದಿನ ನಾನೂ ಬಾಜೂಕ ಕೂತು ನೋಡಿದೆ. ಆಕಿ ಗೆರೀನ ತಳದಿಂದ ಅಳೀಲಿಲ್ಲ, ತುದೀತನಕಾನೂ ಅಳೀಲಿಲ್ಲ. ನೂರು ಪಾಲಿನಾಗ ತಳದ ಹತ್ತು ಬಿಟ್ಟಳು, ತುದೀ ಹತ್ತು ಬಿಟ್ಟಳು, ನಡುವಿಂದಷ್ಟ ಹಿಡದಳು.

ಯಾಕವಾ ಇಂಥಾ ಕಳ್ಳ ಅಳತಿ ಅಂತ ಕೇಳಿದೆ. ಕಳ್ಳ ಅಲ್ರೀ ಅತ್ತಿ, ಗೆರಿ ಏಳಾಕ ಶುರು ಮಾಡಿದ್ದೆಲ್ಲಿ, ಮುಗಿಸಿದ್ದೆಲ್ಲಿ ಅಂತ ಖಚಿತ ಕಾಣಂಗಿಲ್ಲ, ಅದಕ್ಕ ಎಲ್ಲಾ ಕಡೆ ಹಿಂಗ ಅಳೀತಾರ ಅಂದಳು.

ನನಗದು ಅಗದಿ ಮನಸಿಗೆ ಬಂತು. ಹಂಚು ಕಾಯೂಕಿಂತ ಮೊದಲ ಹಾಕಿದ ರೊಟ್ಟಿ ಹಸಿ ಉಳೀತದ, ಕಡೀ ರೊಟ್ಟಿ ಹೊತ್ತಿಗೆ ಹಂಚು ಕೆಂಡ ಆಗಿರ್ತದ. ಆ ಎರಡನ್ನಷ್ಟ ಹಿಡಕೊಂಡು ಜನ ನನ್ನ ಕೈಗೆ ಹೆಸರಿಟ್ಟಾರ. ಅವತ್ತ ಮಧ್ಯಾಹ್ನ ಮಗ ಊಟಕ್ಕ ಕೂತವ, ರೊಟ್ಟಿ ಬುಟ್ಟಿಗೆ ಕೈ ಹಾಕಿ, ಅಂಚೆಲ್ಲಾ ಕರಕಾದ ರೊಟ್ಟಿ ಒಂದನ್ನ ಎತ್ತಿ ಹಿಡದ. ನಾ ಸೆರಗು ಸಿಗಿಸಿಕೊಂಡು ಶುರು ಮಾಡಿದೆ. ತಿಳದವರು ಮೊದಲಿಂದು ಬಿಡ್ತಾರ, ಕಡೀದು ಬಿಡ್ತಾರ, ನಡುವಿಂದು ನೋಡಿ ಮಾತಾಡ್ತಾರ, ನಿನ್ನ ಹೇಣ್ತೀನ್ನ ಕೇಳು ಅಂದೆ.

ಮಗ ಬುಟ್ಟಿ ಕಡೆ ನೋಡಿದ, ರೊಟ್ಟಿ ಕಡೆ ನೋಡಿದ.

"ಯವ್ವಾ, ಇದು ನಡುವಿಂದು" ಅಂದ.

ವಿಭೂತಿ

ಮನೀಗೆ ಹೊಸಾ ಸಾಮಾನು ಬಂದ್ರ ವಿಭೂತಿ ಹಚ್ಚಲಾರದ ಬಳಸಂಗಿಲ್ಲ ನಾವು. ಹೊಲಿಗಿ ಮಷೀನಿಗೆ ಹಚ್ಚೀವಿ, ಮಗನ ಮೋಟರ್ ಸೈಕಲ್ಲಿಗೆ ಹಚ್ಚೀವಿ, ಫ್ರಿಜ್ಜಿನ ಹಣೀಗೆ ಇನ್ನೂ ಅದ. ಸೊಸಿ ಹೊಸಾ ಬೋರ್ಡು ತಯಾರ್ ಮಾಡಿ ಟೇಬಲ್ಲಿನ ಮ್ಯಾಗ ಇಟ್ಟು ಜಳಕಕ್ಕ ಹೋಗಿದ್ದಳು. ಅಂಗೈಯಷ್ಟು ಹಸರ ಹಲಗಿ, ಮ್ಯಾಗ ಇರಬಿಯಂಥಾ ಸಾಮಾನು, ಕೂದಲೆಳಿಯಂಥಾ ತಾಮ್ರದ ಗೆರಿ. ಪಾಪ, ಹಣಿ ಬೋಳಾಗಿ ಬಿದ್ದದ ಅನಿಸಿತು. ವಿಭೂತಿ ನೀರಾಗ ಕಲಿಸಿ ಮೂರು ಬೊಟ್ಟಿಲೆ ಎಳದೆ.

ಆಕಿ ಬಂದು ಕರೆಂಟು ಹಚ್ಚಿದಳು. ಸ್ಕೋಪಿನಾಗ ಗೆರಿ ಗ್ವಾಡಿ ಹಂಗ ಏಳೂದು ಬಿಟ್ಟು, ಬಾಣಂತಿ ಎದ್ದಂಗ ಮೆಲ್ಲಕ ಎದ್ದಿತು. ಬಗ್ಗಿ ನೋಡಿದಳು, ಮೂಸಿ ನೋಡಿದಳು. ಆಮ್ಯಾಲೆ ತಲಿ ಎತ್ತಲಾರದ, "ಅತ್ತೀ, ಇದು ಎಂದು ಲಿಂಗ ಕಟ್ಟಿಕೊಂಡಿತ್ರಿ?" ಅಂತ ಕೇಳಿದಳು.

ಹಸಿ ವಿಭೂತಿ ಆ ಸಣ್ಣ ಗೆರಿಗಳ ನಡುವ ಕೂತ್ರ ಕರೆಂಟು ಅತ್ತಾಗಿತ್ತಾಗ ಸೋರತದ, ಸಿಗ್ನಲ್ಲಿಗೆ ಭಾರ ಬೀಳತದ ಅಂತ ತಿಳಿಸಿ ಹೇಳಿದಳು. ಸ್ಪಿರಿಟ್ ಹಾಕಿ, ಹಲ್ಲುಜ್ಜೂ ಬ್ರಶ್ಶಿಲೆ ತಿಕ್ಕಿದಳು. ನನ್ನ ಮಾರಿ ಸಣ್ಣಾಗಿದ್ದು ನೋಡಿ, ಡಬ್ಬಿ ಮುಚ್ಚಳಕ್ಕ ಬೇಕಾದಷ್ಟು ಹಚ್ರಿ, ಅದು ಪ್ಲಾಸ್ಟಿಕ್ ಅದ ಅಂದಳು. ಹಚ್ಚಿದೆ. ಮರುದಿನ ನೋಡಿದ್ರ ಗೆರಿ ಹಿಂದೆಂದೂ ಎದ್ದಿದ್ದಿಲ್ಲ, ಅಷ್ಟು ನೆಟ್ಟಗ ಎದ್ದದ. ನಾ ಓಣಿ ತುಂಬ ವಿಭೂತಿ ಮಹಿಮಾ ಸಾರಿ ಬಂದೆ. ಬೆಳಕು ಬಿಡೂ ದೀಪಕ್ಕ ಹೋಗೂ ವೈರು ಉದ್ದ ಇತ್ತಂತ, ಅದನ್ನ ಆಕಿ ಕತ್ತರಿಸಿ ಗಿಡ್ಡ ಮಾಡಿದ್ದಳಂತ. ಅಷ್ಟು ಮಾತ್ರ ಸಾರಲಿಲ್ಲ. ಯಾರೂ ಕೇಳಲೂ ಇಲ್ಲ.

ಸ್ಕೋಪಿನ ಕೌದಿ

ಆ ಸ್ಕೋಪ್ ಬೆನ್ನಿಲೆ ಸುಂಯ್ ಅಂತ ಉಸರ ಬಿಡತದ. ಥಂಡಿ ದಿನ, ಪಾಪ ಅದಕ್ಕೂ ನೆಗಡಿ ಆಗಿರಬೇಕು ಅಂದ್ಕೊಂಡು ಹಳೇ ಇಳಕಲ್ ಸೀರಿ ಚೂರು ಜೋಡಿಸಿ ಒಂದು ಸಣ್ಣ ಕೌದಿ ಹೊಲದೆ. ಸುತ್ತ ಕುಚ್ಚು ಬ್ಯಾರೆ ಇಟ್ಟೆ. ಸೊಸಿ ಚಾ ಕುಡಿಯಾಕ ಬಂದಾಗ ಹೋಗಿ ಹೊಚ್ಚಿದೆ. ಆಕಿ ಕಪ್ ಇಡೂದ್ರಾಗ ಸ್ಕೋಪ್ ಕಾದು, ಕುಂಯ್ ಅಂದು ಬಂದ್ ಆತು. ಅದು ನೆಗಡಿ ಅಲ್ಲಂತ, ಒಳಗಿನ ಬಿಸಿ ಹೊರಗ ದಬ್ಬೂ ಫ್ಯಾನ್ ಅಂತ. ಆಕಿ ಬೈಲಿಲ್ಲ. ಹೊಲಿಗಿ ಚಂದ ಅದರೀ ಅತ್ತಿ ಅಂತ ಹೇಳಿ, ಖೋಲಿ ಬಾಗಲಿಗೆ ಹೊಸಾ ಕೀಲಿ ಹಾಕಿಸಿದಳು.

ಕಂಬ ನಿಂತಂಗ

ಸಾಹೇಬ್ರು ಬಂದ್ರು. ಗಿರಮಿಟ್ ಆತು, ಮಿರ್ಚಿ ಆತು, ಚಾ ಆತು. ಸೊಸಿ ಸ್ಕೋಪಿನಾಗ ಗೆರಿ ತೋರಿಸಿದಳು. ಗೆರಿ ಚಲೋ ಅದರಿ, ಆದ್ರ ನಾ ಮಾರೂದು ಗೆರಿ ಅಲ್ಲ, ಅಳತಿ, ಬಯಲಾಗ ತೋರಿಸ್ರಿ ಅಂದ್ರು ಸಾಹೇಬ್ರು.

ಹಿತ್ತಲಕ್ಕ ಹೋದ್ವಿ. ಈ ತುದೀಗೆ ಸ್ಟೂಲ್ ಮ್ಯಾಗ ಡಬ್ಬಿ. ಆ ತುದೀಗೆ ಬೆಳಕು ಬಡಿಯಾಕ ಒಂದು ಬಿಳೇ ಹಲಗಿ ಬೇಕು. ದಿನಾ ಅದನ್ನ ಗ್ವಾಡಿಗೆ ಆನಿಸಿ ಇಡತಿದ್ದಳು, ಅವತ್ತ ಗ್ವಾಡಿ ಮುಂದ ಮಗ ಗೊಬ್ಬರದ ಚೀಲ ಒಟ್ಟಿದ್ದ. ನಾ ಹಿಡೀತೀನಿ ತಗೋ ಅಂದೆ. ಸೊಸಿ ಒಂದು ಗಳಿಗಿ ನನ್ನ ನೋಡಿದಳು. "ಅತ್ತೀ, ಕೈಮುಗೀತೀನಿ, ಒಟ್ಟ ಕದಲಬ್ಯಾಡ್ರಿ" ಅಂದಳು. ಹಲಗಿ ಎದಿಗಾನಿಸಿ, ಮದುವಿ ಫೋಟೋಕ್ಕ ನಿಂತಂಗ ನಿಂತೆ.

ಡಬ್ಬಿ ಒಂದು ಲೆಕ್ಕ ತೋರಿಸಿತು. ಸಾಹೇಬ್ರು ಹೂಂ ಅಂತ ತಲಿ ಹಾಕಿದ್ರು. ಎರಡನೇ ಸಲ ಸ್ವಲ್ಪ ಜಾಸ್ತಿ ತೋರಿಸಿತು. ಮೂರನೇ ಸಲ ಮತ್ತೂ ಜಾಸ್ತಿ. ಸಾಹೇಬ್ರು ಹುಬ್ಬು ಗಂಟು ಹಾಕಿ, ಸಿಗ್ನಲ್ ಒಂದೊಂದು ಸಲ ಒಂದೊಂದು ನಮೂನಿ ಏಳಾಕ ಹತ್ತದರಿ, ಇಂಥಾದ್ದನ್ನ ಗೋದಾಮಿಗೆ ಹೆಂಗ ಕೊಡ್ಲಿ ಅಂದ್ರು.

ಅತ್ತೀ, ಸರದೀರೇನು ಅಂತ ಸೊಸಿ ಅಲ್ಲಿಂದ ಕೇಳಿದಳು.

"ದೇವರಾಣಿ ಇಲ್ಲವಾ. ಕಂಬ ನಿಂತಂಗ ನಿಂತೀನಿ."

ಸಾರಿಗೆ ಉಪ್ಪು ಹಾಕೀನಿ ಅಂದ್ರ, ಹಾಲಿಗೆ ಬಿದ್ದಿರಬೇಕಂತ ಹಾಲಿನ ಪಾತೇಲಿನ್ನೂ ರುಚಿ ನೋಡೂ ಹುಡುಗಿ, ಅವತ್ತ ನನ್ನ ನಂಬಿದಳು. ಡಬ್ಬಿ ಬಿಚ್ಚಿದಳು, ಸ್ಕೋಪ್ ಹೊರಗ ತಂದಳು, ಬೆಸಿಗಿ ನೋಡಿದಳು, ವೈರು ನೋಡಿದಳು. ಗೆರಿ ಗ್ವಾಡಿ ಹಂಗ ನೆಟ್ಟಗ ಏಳತದ. ಡಬ್ಬಿ ಮುಚ್ಚಿ ಮತ್ತ ಅಳದಳು. ಇನ್ನೂ ಜಾಸ್ತಿ. ಆಕಿ ಕಣ್ಣಾಗ ನೀರು ಬಂದಿದ್ದು ನನಗ ಆ ತುದೀಗೂ ಕಾಣಸ್ತು. ಸಾಹೇಬ್ರು ಚಪ್ಪಲಿ ಮೆಟ್ಟಿಕೊಂಡ್ರು. ನಾ ಹಲಗಿ ಹಿಡಕೊಂಡೇ ಮನಿದೇವರಿಗೆ ಕಾಯಿ ಹರಕಿ ಹೊತ್ತೆ.

ಆ ಹೊತ್ತಿಗೆ ಬಾಜೂ ಮನ್ಯಾಕಿ ಗ್ವಾಡಿ ಮ್ಯಾಲಿಂದ ಮಾರಿ ಹಾಕಿದಳು. ಆಗಿಂದ ಅರಿವಿ ಒಣಹಾಕ್ಕೋತ ನಮ್ಮನ್ನ ನೋಡಾಕ ಹತ್ತಿದ್ದಳಂತ.

"ಯಾಕ ಬೇ, ಆಗ ಬಿಸಲಾಗ ನಿಂತಿದ್ದಿ. ಈಗ ಹಿಂದಿನ ಬೇವಿನ ಗಿಡದ ನೆರಳಾಗ ಅದಿಯಲ್ಲ?"

ನಾ ಖರೇನ ಸರದಿದ್ದಿಲ್ಲ. ಕಾಲು ತಾವಾಗೇ ಹೋಗಿದ್ವು. ಬಿಸಲಾಗ ನಿಂತ್ರ ಅವಕ್ಕ ನನ್ನ ಕೇಳೂ ರೂಢಿ ಇಲ್ಲ. ಆದ್ರ ಹಂಗ ಒಪ್ಪಾಕ ಆಗ್ತದೇನು, ಗಿಡದ ನೆರಳ ಇತ್ತಾಗ ಬಂದದ ಅಂತ ವಾದ ಮಾಡಿದೆ. ಸೊಸಿ ಒಳಗ ಹೋಗಿ ರಂಗೋಲಿ ಡಬ್ಬಿ ತಂದಳು. ನನ್ನ ತಿರಿಗಿ ಬಿಸಲಾಗ ನಿಂದ್ರಿಸಿ, ಎರಡೂ ಪಾದದ ಸುತ್ತ ರಂಗೋಲಿ ಎಳದಳು. ಸಾಹೇಬ್ರೂ ಚಪ್ಪಲಿ ಬಿಟ್ಟು ಬಂದು ನಿಂತ್ರು. ಈ ಸಲ ನಾ ಬೆರಳು ಬಿಗಿ ಹಿಡದು, ಉಸರ ಸೈತ ಬಿಡಲಾರದ ನಿಂತೆ. ಆಕಿ ಅಳದಳು, ಹಂಗ ಸ್ವಲ್ಪ ತಡದು ಮತ್ತ ಅಳದಳು, ಮತ್ತ ತಡದು ಮತ್ತ ಅಳದಳು. ಆಮ್ಯಾಲೆ ಎಲ್ಲಾರೂ ಬಂದು ನನ್ನ ಕಾಲು ನೋಡಿದ್ರು.

ರಂಗೋಲಿ ಪಾದ ಬಿಸಲಾಗ ಇದ್ವು. ನಾ ನೆರಳಾಗ ಇದ್ದೆ.

ಸೊಸಿ ಟೇಪ್ ಹಿಡದು ರಂಗೋಲಿ ಬೆರಳಿಂದ ನನ್ನ ಬೆರಳತನಕ ಅಳದಳು. ಒಂದು ಗೇಣು. ಡಬ್ಬಿ ಜಾಸ್ತಿ ತೋರಿಸಿದ್ದೂ ಅಷ್ಟ, ಒಂದು ಬೆರಳಿನ ಫರಕಿಲ್ಲ. ಸಾಹೇಬ್ರು ನಕ್ಕು ನಕ್ಕು ಗೊಬ್ಬರದ ಚೀಲದ ಮ್ಯಾಗ ಕೂತ್ರು. ಡಬ್ಬಿ ನಿಮ್ಮ ಕಡೇನ ತಗೋತೀನಿ ಅಂದ್ರು. ಸೊಸಿ ನನ್ನ ತೆಕ್ಕಿ ಬಡಕೊಂಡಳು, ಹಲಗಿ ನಡುವ ಸಿಕ್ಕು ನನ್ನ ಗದ್ದಕ್ಕ ಬಡೀತು.

ಹೊಂಡೂ ಮುಂದ ಸಾಹೇಬ್ರು ಬಾಗಲದಾಗ ನಿಂತು, "ಒಂದ ಷರತ್ತು. ಪ್ರತಿಯೊಂದು ಡಬ್ಬೀನೂ ಅಮ್ಮಾರನ್ನ ಮುಂದ ನಿಂದ್ರಿಸಿ ತಪಾಸ ಮಾಡಿ ಕಳಸ್ರಿ. ಇವರು ಸರದಿದ್ದನ್ನ ಹಿಡದ ಡಬ್ಬಿ ಎಲ್ಲಾನೂ ಹಿಡೀತದ" ಅಂದ್ರು.

ಹಿಂಗಾಗಿ ಈ ವಯಸ್ಸಿನಾಗ ನಾನೂ ನೌಕರಿ ಮ್ಯಾಗ ಅದೀನಿ. ಊಟ ಆದ ಮ್ಯಾಲೆ ಹಿತ್ತಲದಾಗ ಬಿಸಲಿಗೆ ನಿಂದ್ರಬೇಕು. ಕೆಲಸ ಏನಂದ್ರ, ಕದಲಂಗಿಲ್ಲ ಅಂತ ಆಣಿ ಮಾಡಿ ಕದಲೂದು.